ಮೊಜೆಲ್ ಥ್ರಿಫ್ಟ್ ಹೆಸರಿಟ್ಟ ಹಡಗು

ನಮ್ಮೂರಿನಲ್ಲಿ ಇವತ್ತಿಗೂ ಯಾರಾದರೂ ಕೆಲಸ ಕೆಡಿಸಿದರೆ "ಏನಯ್ಯಾ, ಮೊಜೆಲ್ ಥ್ರಿಫ್ಟ್ ತರ ಮಾಡಿಟ್ಟೆಯಲ್ಲ" ಎಂದು ಹಂಗಿಸುವುದುಂಟು. ಹಂಗಿಸುವವರಲ್ಲಿ ಮುಕ್ಕಾಲು ಪಾಲು ಜನ ಅವಳ ಮುಖವನ್ನೇ ಕಂಡವರಲ್ಲ. ಕಂಡವಳು ನಾನು, ಇನೆಜ್ ಹೆರಿಂಗ್ಟನ್. ಯುದ್ಧದ ಕಾಲದಲ್ಲಿ ಹಡಗು ಕಟ್ಟುವ ಯಾರ್ಡಿನಲ್ಲಿ ಒಂಬತ್ತು ಹತ್ತು ತಿಂಗಳು ಅವಳ ಮಗ್ಗುಲಲ್ಲೇ ಮಂಡಿಯೂರಿ ಬೆಸುಗೆ ಹಾಕಿದವಳು. ಹೋದ ತಿಂಗಳು ಚರ್ಚಿನ ಊಟದಲ್ಲಿ ಮತ್ತೆ ಆ ಮಾತು ಬಂತು. ಎಲ್ಲರೂ ನಕ್ಕರು. ನನ್ನ ಬಾಯಲ್ಲಿ ಸಿಹಿಗೆಣಸಿನ ಪೈ ಇತ್ತು. ನಾನೂ ನಕ್ಕೆ. ಮನೆಗೆ ಬಂದಮೇಲೆ ನನ್ನ ನಗು ನೆನೆದು ನನಗೇ ಹೇಸಿಗೆಯಾಯಿತು. ವಯಸ್ಸು ಅರವತ್ತೆಂಟಾಯಿತು, ಇನ್ನೂ ಎಷ್ಟು ದಿನ ನಗುತ್ತಾ ಕೂರಲಿ?

ಮೊಜೆಲ್ ನಮ್ಮ ಕಡಲಂಚಿನವಳಲ್ಲ. ನಮ್ಮ ಜಾರ್ಜಿಯಾ ರಾಜ್ಯದ ಒಳಗೆ ಪೈನ್ ಮರ ಕೆತ್ತಿ ಅಂಟು ಇಳಿಸುವ ಕಾಡಿನವಳು. ಸಾವಿರದ ಒಂಬೈನೂರ ನಲವತ್ತಮೂರರ ಬೇಸಿಗೆಯಲ್ಲಿ ಬಸ್ಸಿಳಿದು ಯಾರ್ಡಿನ ಗೇಟಿಗೆ ಬಂದಾಗ ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಕಾಲಲ್ಲಿ ಗಂಡನ ಬೂಟು. ಗಂಡ ಹಾರ್ಲಿ ಆಗಲೇ ಸರಕು ಹಡಗೊಂದರಲ್ಲಿ ಎಂಜಿನಿಗೆ ಎಣ್ಣೆ ಹಾಕುವ ಕೆಲಸಕ್ಕೆ ಸೇರಿ, ಉತ್ತರದ ಹಿಮದ ಕಡಲಿನಲ್ಲಿ ರಷ್ಯಾಕ್ಕೆ ಸಾಮಾನು ಒಯ್ಯುತ್ತಿದ್ದ. ಮೊಜೆಲ್ ಬಡಕಲು ಆಳು, ಎಡಗೈಯವಳು ಬೇರೆ. ಬೆಸುಗೆ ಕಲಿಸುವ ಶಾಲೆಯಲ್ಲಿ ಮೊದಲ ದಿನ, ಕರಗಿ ಬೆಸುಗೆಯಾಗುವ ಲೋಹದ ಕಡ್ಡಿ ಉಕ್ಕಿನ ಪ್ಲೇಟಿಗೆ ಅಂಟಿಕೊಂಡು, ಅದನ್ನು ಕೀಳಲು ಹೋಗಿ ಬೆಂಚಿನಿಂದ ಹಿಂದಕ್ಕೆ ಬಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಮೂರು ತಿಂಗಳಲ್ಲಿ ಅವಳ ಬೆಸುಗೆ ಹೇಗಾಯಿತೆಂದರೆ, ಅಮ್ಮನ ಕೈಲಿ ಹೆಣೆಸಿಕೊಂಡ ಜಡೆಯ ಹಾಗೆ, ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ.

ಸುಳ್ಳು ಹೇಳುವುದು ಮಾತ್ರ ಅವಳಿಗೆ ಕೊನೆವರೆಗೂ ಬರಲಿಲ್ಲ. ನಮ್ಮ ತಂಡದ ಮೇಸ್ತ್ರಿ ರೋವೆಲ್ ಒಮ್ಮೆ ತನ್ನ ಮೊಮ್ಮಗುವಿನ ಫೋಟೋ ತಂದು ಎಲ್ಲರಿಗೂ ತೋರಿಸಿದ. ನಾವೆಲ್ಲ ಅಯ್ಯೋ ಎಷ್ಟು ಮುದ್ದಾಗಿದೆ ಎಂದೆವು. ಮೊಜೆಲ್ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, "ಬೆಳೀತಾ ಬೆಳೀತಾ ಸರಿಹೋಗ್ಬಹುದು ಬಿಡಿ" ಎಂದಳು. ರೋವೆಲ್ ಒಂದು ವಾರ ಅವಳಿಗೆ ಹಡಗಿನ ತಳದ ಕೆಲಸವನ್ನೇ ಕೊಟ್ಟ. ಅಲ್ಲಿ ಅಂಗಾತ ಮಲಗಿ, ತಲೆಯ ಮೇಲಿನ ಸಂದಿಗೆ ಬೆಸುಗೆ ಹಾಕಬೇಕು. ಕಿಡಿಯೆಲ್ಲ ಕೊರಳೊಳಗೆ ಬೀಳುತ್ತದೆ.

ಈಗ ಕಡ್ಡಿಯ ವಿಷಯಕ್ಕೆ ಬರುತ್ತೇನೆ. ಎರಡು ಪ್ಲೇಟುಗಳ ನಡುವೆ ಸಣ್ಣ ಸಂದಿಯಿದ್ದರೆ ಬೆಸುಗೆ ಅದನ್ನು ತುಂಬುತ್ತದೆ. ಪ್ಲೇಟು ಸರಿಯಾಗಿ ಕೂರದೆ ಸಂದಿ ಬೆರಳಗಲ ಬಾಯಿ ಬಿಟ್ಟಿದ್ದರೆ, ಜೋಡಿಸುವವರನ್ನು ಕರೆಸಿ, ಪ್ಲೇಟನ್ನು ಎಳೆಸಿ, ಮತ್ತೆ ಮೊದಲಿಂದ ಹಾಕಬೇಕು. ಅರ್ಧ ದಿನ ಹೋಯಿತು. ಕಳ್ಳದಾರಿ ಇನ್ನೊಂದಿದೆ. ನಾಲ್ಕೈದು ಕಡ್ಡಿಗಳ ಮೇಲಿನ ಲೇಪ ಬಡಿದು ಉದುರಿಸಿ, ಆ ಕಡ್ಡಿಗಳನ್ನೇ ಸಂದಿಗೆ ತುರುಕಿ, ಮೇಲೊಂದು ಚೆಂದದ ಬೆಸುಗೆ ಎಳೆದುಬಿಡುವುದು. ಹೊರಗಿನಿಂದ ನೋಡಿದರೆ ದೇವರಿಗೂ ಗೊತ್ತಾಗುವುದಿಲ್ಲ. ಒಳಗೆ ಪೊಳ್ಳು. ಕೊನೆಗೆ ಪಕ್ಕದಲ್ಲಿ ನಮ್ಮ ನಮ್ಮ ಸಂಖ್ಯೆಯನ್ನು ಉಕ್ಕಿನ ಮೇಲೆ ಕುಟ್ಟಬೇಕು. ಒಳ್ಳೆಯದಕ್ಕೂ ಅದೇ ಸಂಖ್ಯೆ, ಪೊಳ್ಳಿಗೂ ಅದೇ ಸಂಖ್ಯೆ.

ನಲವತ್ತನಾಲ್ಕರ ವಸಂತದಲ್ಲಿ ನಮ್ಮ ಕಟ್ಟೆಯ ಮೇಲಿದ್ದ ಹಡಗಿಗೆ ಎಲ್ಲಿಲ್ಲದ ಅವಸರ. ಜಿಲ್ಲೆಯ ಶಾಲೆಯ ಮಕ್ಕಳು ಮನೆಮನೆಯಿಂದ ಹಳೇ ಕಬ್ಬಿಣ ಕೂಡಿಸಿಕೊಟ್ಟಿದ್ದಕ್ಕೆ, ಆ ಹಡಗಿಗೆ ಹೆಸರು ಆರಿಸುವ ಭಾಗ್ಯ ಅವರದಾಗಿತ್ತು. ಸತ್ತವರ ಹೆಸರನ್ನೇ ಇಡಬೇಕೆಂಬುದು ಸರ್ಕಾರದ ಕಟ್ಟಳೆ. ಮಕ್ಕಳು ಆರಿಸಿದ್ದು ಲೆಮ್ಯುಯೆಲ್ ಪಿಕ್ರೆನ್ ಎಂಬ ದೋಣಿಗಾರನನ್ನು. ಹಿಂದೆ ಊರಿಗೆ ಹಳದಿ ಜ್ವರ ಬಂದ ವರ್ಷ, ಹೊರಗಿನವರು ಯಾರೂ ಕಾಲಿಡದಂತೆ ಊರನ್ನು ಮುಚ್ಚಿದ್ದಾಗ, ಜವುಗಿನ ಕಾಲುವೆಗಳಲ್ಲಿ ದೋಣಿ ನಡೆಸಿ ದಿನಾ ಹಿಟ್ಟು, ಔಷಧಿ ತಂದುಹಾಕಿದವನು. ಸೆನೆಟರುಗಳ ಹೆಸರಿನ ಹಡಗು ಕಟ್ಟಿ ಕಟ್ಟಿ ನಮಗೂ ಸಾಕಾಗಿತ್ತು. "ಈ ಸಲ ಕೆಲ್ಸ ಮಾಡಿದವನ ಹೆಸರು ಕಣ್ರೇ, ತಿಂದು ಸತ್ತವನದಲ್ಲ" ಎಂದು ಮೊಜೆಲ್ ಕುಣಿದಾಡಿದಳು.

ಹೆಸರಿನ ಜೊತೆಗೆ ಯಾರ್ಡಿನವರು ಇನ್ನೊಂದು ಆಸೆಯನ್ನೂ ತೂಗುಹಾಕಿದರು. ಆ ತಿಂಗಳು ಅತಿ ಹೆಚ್ಚು ಅಡಿ ಬೆಸುಗೆ ಹಾಕಿದ ತಂಡದಲ್ಲಿ ಮುಂದಿದ್ದ ಹೆಂಗಸೇ ಹಡಗಿನ ಮೂತಿಗೆ ಷಾಂಪೇನಿನ ಸೀಸೆ ಒಡೆದು ಹೆಸರಿಡುವುದು ಎಂದು. ಅಲ್ಲಿಯವರೆಗೆ ದೊಡ್ಡ ದೊಡ್ಡವರ ಹೆಂಡಿರು ಟೋಪಿ ಹಾಕಿಕೊಂಡು ಬಂದು ಒಡೆದು ಹೋಗುತ್ತಿದ್ದರು. ನಮಗೆಲ್ಲ ಹುಚ್ಚು ಹಿಡಿಯಿತು. ಗೋಡೆಯ ಮೇಲಿನ ಕರಿಹಲಗೆಯಲ್ಲಿ ಪ್ರತಿ ಸಂಜೆ ಅಡಿ ಬರೆಯುತ್ತಿದ್ದರು. ಊಟ ಬಿಟ್ಟು ಅದರ ಮುಂದೆ ನಿಲ್ಲುತ್ತಿದ್ದೆವು.

ತಿಂಗಳ ಕೊನೆಯ ವಾರದಲ್ಲಿ ಮೊಜೆಲ್‌ಗೆ ಸಿಕ್ಕಿದ್ದು ಎರಡನೇ ಹೋಲ್ಡಿನ ಎಡಮಗ್ಗುಲಿನ ಒಂದು ಉದ್ದ ಸಂದಿ. ಸರಕು ತುಂಬುವ ಹೋಲ್ಡು, ಹೊರಗಡೆ ಸೀದಾ ಸಮುದ್ರ. ಸಂದಿ ಬೆರಳಗಲ ಬಿಟ್ಟಿತ್ತು. ಅವಳು ಮೇಸ್ತ್ರಿಯನ್ನು ಕರೆದಳು. ರೋವೆಲ್ ಬಗ್ಗಿ ನೋಡಿ, "ಜೋಡಿಸೋರು ನಾಳೆ ಮಧ್ಯಾಹ್ನದ ತನಕ ಬರಲ್ಲ. ನಾನು ಏನೂ ನೋಡಿಲ್ಲ. ಸಂಜೆಗೆ ಮುಚ್ಚಿರ್ಬೇಕು" ಎಂದು ಹೊರಟುಹೋದ. ಅವಳು ಮುಚ್ಚಿದಳು.

ಮರುದಿನ ಮಧ್ಯಾಹ್ನ ನಾವಿಬ್ಬರೂ ಮರದ ದಿಮ್ಮಿಯ ಮೇಲೆ ಕೂತು ಬೇಯಿಸಿದ ಕಡಲೆಕಾಯಿ ಸುಲಿಯುತ್ತಿದ್ದೆವು. ಅವಳು ಒಂದನ್ನೂ ಬಾಯಿಗೆ ಹಾಕಲಿಲ್ಲ.

"ಇನೆಜ್, ನಿನ್ನೆ ಒಂದು ಕೆಟ್ಟ ಕೆಲ್ಸ ಮಾಡ್ದೆ ಕಣೇ."

"ಯಾರಿಗೆ ಮುತ್ತಿಟ್ಟೆ?"

"ತಮಾಷೆ ಬೇಡ ಕಣೇ. ಸಂದಿಗೆ ಕಡ್ಡಿ ಹಾಕ್ದೆ. ಆರು ಕಡ್ಡಿ."

ನಾನು ಸಿಪ್ಪೆ ಬಿಸಾಡಿದೆ. "ಮಾಡಿದ್ದಾಯ್ತಲ್ಲ, ಬಿಡು."

"ಹಾರ್ಲಿ ಮಲಗೋದು ಇಂಥ ಗೋಡೆ ಪಕ್ಕಾನೇ ಅಲ್ವಾ? ಆಚೆ ಮಂಜಿನ ನೀರು. ಹೋದ ಚಳಿಗಾಲ್ದಲ್ಲಿ ಒಂದು ಹಡಗು ನಡುಮಧ್ಯ ಸೀಳ್ಕೊಂಡು ಎರಡಾಯ್ತು ಅಂತ ಕಾಗ್ದ ಬರ್ದಿದ್ದ. ಅದನ್ನ ಕಟ್ಟಿದೋಳೂ ಹಿಂಗೇ ಅಂದ್ಕೊಂಡಿರ್ತಾಳೆ, ಮಾಡಿದ್ದಾಯ್ತು ಬಿಡು ಅಂತ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಯಾವತ್ತಾದ್ರೂ ಹಾಕಿದ್ದೀಯಾ?"

"ಛೀ, ನಾನಾ?" ಎಂದೆ.

ಸುಳ್ಳು. ಆ ಹಡಗೊಂದರಲ್ಲೇ ನಾಲ್ಕು ಕಡೆ ಹಾಕಿದ್ದೆ. ರೋವೆಲ್ ನನಗೆ ಹೇಳಲೂ ಬೇಕಾಗಿರಲಿಲ್ಲ, ಹಲಗೆಯ ಮೇಲಿನ ಅಡಿ ನೋಡಿ ನಾನಾಗಿಯೇ ಹಾಕಿದ್ದೆ. ಸೀಸೆ ನನ್ನ ಕೈಗೆ ಸಿಗಲಿ ಎಂದು.

"ಅದೇ ಅಂದ್ಕೊಂಡೆ. ನೀನು ಹಾಕೋಳಲ್ಲ" ಎಂದು ಅವಳು ನನ್ನ ಮಂಡಿ ತಟ್ಟಿದಳು.

ಶನಿವಾರ ಫಲಿತಾಂಶ ಬಂತು. ನಮ್ಮ ತಂಡ ಗೆದ್ದಿತ್ತು. ನನಗಿಂತ ಹನ್ನೊಂದು ಅಡಿ ಮುಂದಿದ್ದ ಮೊಜೆಲ್‌ಳೇ ಹೆಸರಿಡುವವಳು. ಎಲ್ಲರೂ ಅವಳನ್ನು ಎತ್ತಿ ಕುಣಿಸಿದರು. ಅವಳ ಮುಖ ಸುಣ್ಣದ ಗೋಡೆಯಂತಿತ್ತು. ನಾನೂ ಚಪ್ಪಾಳೆ ಹೊಡೆದೆ. ಒಳಗೆ ಹೊಟ್ಟೆಕಿಚ್ಚಿನಿಂದ ಸುಡುತ್ತಿದ್ದೆ. ನನ್ನ ನಾಲ್ಕು ಪೊಳ್ಳು ಅವಳ ಒಂದು ಪೊಳ್ಳಿಗೆ ಸೋತವು ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು. ನನ್ನ ಬುದ್ಧಿ ಎಂಥದ್ದೆಂದು ಇದರಲ್ಲೇ ತಿಳಿಯುತ್ತದೆ.

ಅವಳು ಅವತ್ತೇ ರೋವೆಲ್ ಹತ್ತಿರ ಹೋಗಿ, ಆ ಬೆಸುಗೆ ಕೆತ್ತಿ ತೆಗೆದು ಮತ್ತೆ ಹಾಕಲು ಬಿಡಿ ಎಂದು ಕೇಳಿದಳು. ರೋವೆಲ್ ಅವಳನ್ನು ಪಕ್ಕಕ್ಕೆ ಕರೆದು ಗದರಿದ. "ಬುದ್ಧಿ ನೆಟ್ಟಗಿದೆಯಾ ನಿಂಗೆ? ಮುಂದಿನ ಗುರುವಾರ ಹಡಗು ನೀರಿಗಿಳೀಬೇಕು. ನಿನ್ನ ಆರು ಕಡ್ಡಿಗೆ ಹಡಗೇನೂ ಮುಳುಗಲ್ಲ. ಹೋಗಿ ಒಳ್ಳೆ ಟೋಪಿ ಹುಡುಕ್ಕೋ."

ಆಮೇಲೆ ನನ್ನಲ್ಲಿಗೆ ಬಂದಳು. "ಬೆಸುಗೆ ನೋಡೋ ತಪಾಸಣೆ ಸಾಹೇಬ್ರ ಹತ್ರ ಹೋಗ್ತೀನಿ. ನೀನೂ ಬಾರೇ. ನಾನೊಬ್ಳೇ ಹೋದ್ರೆ ಇವಳಿಗೇ ಕೆಲ್ಸ ಬರಲ್ಲ ಅಂತಾರೆ. ರೋವೆಲ್ ಅವಸರ ಮಾಡಿ ಮುಚ್ಚಿಸ್ತಾರೆ, ಬೇರೆಯೋರೂ ಮಾಡಿರ್ಬಹುದು ಅಂತ ನೀನು ಹೇಳಿದ್ರೆ ನಂಬ್ತಾರೆ. ನಿನ್ನ ಕೆಲ್ಸದ ಕಡೆ ಇವತ್ತಿನ ತನಕ ಯಾರೂ ಬೆರಳು ಮಾಡಿಲ್ಲ."

"ನೀರಿಗಿಳೀಲಿ, ಆಮೇಲೆ ನೋಡಣ" ಎಂದೆ. "ಇಳಿದ ಮೇಲೂ ತಿಂಗಳುಗಟ್ಟಲೆ ದಡದಲ್ಲೇ ಕಟ್ಟಿರ್ತಾರಲ್ಲ." ತಿಂಗಳುಗಟ್ಟಲೆ ಅಲ್ಲ, ಹತ್ತು ದಿನ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಆಗಲಿ ಎಂದು ತಲೆಯಾಡಿಸಿದಳು. ಬೂಟು ಬಿಟ್ಟರೆ ಕಾಲಿಗೆ ಬೇರೇನೂ ಇಲ್ಲವೆಂದು, ಹೆಸರಿಡುವ ದಿನಕ್ಕೆ ನನ್ನ ನೀಲಿ ಜೋಡು ಕೇಳಿದಳು. ಜೋಡು ಕೊಡಲು ನಾನು ತುಂಬ ಧಾರಾಳಿ. ಕೊಟ್ಟೆ.

ಗುರುವಾರ ಬ್ಯಾಂಡು, ಬಾವುಟ, ನುಸಿ ಎಲ್ಲ ಬಂದವು. ಆ ಜವುಗಿನ ನುಸಿಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ, ಭಾಷಣ ಮಾಡುವವರ ಬಾಯೊಳಗೂ ಹೋಗುತ್ತದೆ. ಮೊಜೆಲ್ ಯಾರದೋ ಹಳದಿ ಉಡುಪು ತೊಟ್ಟು, ತೋಳಲ್ಲಿ ಹೂವಿನ ಗೊಂಚಲು ಹಿಡಿದು ನಿಂತಿದ್ದಳು. ಜೊತೆಯಲ್ಲಿ ಲೆಮ್ಯುಯೆಲ್ ಪಿಕ್ರೆನ್‌ನ ಮಗಳು ಮಿಸ್ ಆಲ್ಮೀಡಾ. ಎಂಬತ್ತರ ಹತ್ತಿರದ ಮುದುಕಿ, ಗುಬ್ಬಿಯಷ್ಟು ಗಾತ್ರ, ಕೈಯಲ್ಲಿ ಕೋಲು. ಶಾಲೆಯ ಮಕ್ಕಳೇ ಅವಳನ್ನು ಹುಡುಕಿ ಕರೆಸಿದ್ದರು. ಮೊಜೆಲ್‌ಗೆ ಧೈರ್ಯ ಬರಲೆಂದು ನನ್ನನ್ನೂ ಹಡಗಿನ ಮೂತಿಯ ಪಕ್ಕ ಕಟ್ಟಿದ ಮರದ ಅಟ್ಟದ ಮೇಲೆ ನಿಲ್ಲಿಸಿದ್ದರು.

ಭಾಷಣಗಳು ಮುಗಿಯುವ ಹಾಗೆ ಕಾಣಲಿಲ್ಲ. ಮಿಸ್ ಆಲ್ಮೀಡಾ ಮೊಜೆಲ್‌ಳ ತೋಳು ಜಗ್ಗಿದಳು. "ಮಗಾ, ನೀನೇ ಹಾಕಿದ ಬೆಸುಗೆ ಯಾವುದು? ತೋರ್ಸು. ಒಂದ್ಸಲ ಕೈಯಿಟ್ಟು ನೋಡ್ತೀನಿ. ಅಪ್ಪನ ಹೆಸರಿನ ಹಡಗು ಯಾರ ಕೈಯದು ಅಂತ ತಿಳೀಬೇಕು ನಂಗೆ."

"ನಂದು ಇಲ್ಲಿಲ್ಲಮ್ಮಾ, ಆ ಕಡೆ ಇದೆ. ಮುಟ್ಟೋ ಅಂಥದ್ದೂ ಅಲ್ಲ ಅದು." ಆಮೇಲೆ ಮೊಜೆಲ್ ಕೈಗೆಟುಕುವಂತಿದ್ದ ಮೂತಿಯ ಸಾಲೊಂದನ್ನು ತೋರಿಸಿದಳು. ಪಕ್ಕದಲ್ಲಿ ನನ್ನ ಸಂಖ್ಯೆಯಿತ್ತು. "ಇದು ನಮ್ಮ ಇನೆಜ್‌ದು. ಇದನ್ನ ಮುಟ್ಟಿ. ಇದು ಅಪ್ಪಟ ಕೆಲ್ಸ."

ಮುದುಕಿ ಕೈಗವಸು ಕಳಚಿ, ನರ ಎದ್ದ ಅಂಗೈಯನ್ನು ಆ ಬೆಸುಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಅದರ ಒಳಗೆ ನನ್ನ ಐದು ಕಡ್ಡಿ ಇದ್ದವು. ನಾನು ಅಲ್ಲೇ, ಒಂದು ಮೊಳ ದೂರದಲ್ಲಿ, ಅಟ್ಟದ ಹಲಗೆಯ ಮೊಳೆಗಳನ್ನು ನೋಡುತ್ತ ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

"ಅಪ್ಪನ ದೋಣಿ ಸೋರ್ತಿತ್ತು ಗೊತ್ತಾ?" ಎಂದಳು ಮುದುಕಿ ಕಣ್ಣು ತೆರೆದು. "ಭಾಷಣದಲ್ಲಿ ಅದನ್ನ ಯಾರೂ ಹೇಳಲ್ಲ. ಹತ್ತೋ ಪ್ರತಿಯೊಬ್ಬರಿಗೂ ಅವನು ಮೊದ್ಲೇ ಹೇಳ್ಬಿಡ್ತಿದ್ದ, ದೋಣಿ ಸೋರ್ತದೆ, ಡಬ್ಬಿ ತಗೊಂಡು ಬಾ ಅಂತ. ನಾಚ್ಕೆ ಆಗಲ್ವಾ ಅಪ್ಪಾ ಅಂದ್ರೆ, ಹೇಳೋಕೆ ನಾಚ್ಕೊಂಡ್ರೆ ನಡುನೀರಲ್ಲಿ ಹೇಳ್ಬೇಕಾಗ್ತದೆ ಅಂತಿದ್ದ."

ಮೊಜೆಲ್ ಮುದುಕಿಯ ಕೈಗವಸನ್ನು ಮತ್ತೆ ತೊಡಿಸಿದಳು. ಕೆಳಗೆ ಹಡಗನ್ನು ಹಿಡಿದಿದ್ದ ಪ್ಲೇಟುಗಳನ್ನು ಬೆಂಕಿಯಿಂದ ಕತ್ತರಿಸುವ ಸದ್ದು ನಿಂತಿತು. "ಲೆಮ್ಯುಯೆಲ್ ಪಿಕ್ರೆನ್ ಅಂತ ನಿನಗೆ ಹೆಸರಿಡ್ತೀನಿ" ಎಂದು ಅವಳು ಗಟ್ಟಿಯಾಗಿ ಕೂಗಿ ಎಡಗೈಯಿಂದ ಸೀಸೆ ಬೀಸಿದಳು. ಒಂದೇ ಏಟಿಗೆ ಒಡೆಯಿತು. ಹಡಗು ಮೊದಲು ನಿಧಾನಕ್ಕೆ, ಆಮೇಲೆ ಭರ್ರನೆ ಹಿಂದಕ್ಕೆ ಜಾರಿ ನದಿಗೆ ಬಿತ್ತು. ಮಿಸ್ ಆಲ್ಮೀಡಾ ಮಗುವಿನ ಹಾಗೆ ಅತ್ತಳು.

ಮರದ ನೆರಳಿನಲ್ಲಿ ಅತಿಥಿಗಳಿಗೆ ಊಟ. ಹುರಿದ ಸಿಗಡಿ, ಆಲೂಗಡ್ಡೆ ಪಲ್ಯ, ಮೆಕ್ಕೆಜೋಳದ ರೊಟ್ಟಿ. ನಾನು ತಟ್ಟೆ ತುಂಬಿಸಿಕೊಂಡು ತಿರುಗುತ್ತೇನೆ, ಮೊಜೆಲ್ ಹೂವಿನ ಗೊಂಚಲು ಹಿಡಿದುಕೊಂಡೇ ಸೀದಾ ತಪಾಸಣೆ ಸಾಹೇಬರ ಮುಂದೆ ಹೋಗಿ ನಿಂತಿದ್ದಾಳೆ. ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು.

"ನನ್ನ ಸಂಖ್ಯೆ ಆರುನೂರ ಹನ್ನೆರಡು ಸರ್. ಎರಡನೇ ಹೋಲ್ಡು, ಎಡಮಗ್ಗುಲು, ಕೆಳಗಿಂದ ಮೂರನೇ ಸಾಲು. ಒಳಗೆ ಆರು ಕಡ್ಡಿ ಇದೆ. ಹಾಕಿದ್ದು ನಾನೇ."

ಸಾಹೇಬರು ಬಾಯಲ್ಲಿದ್ದುದನ್ನು ನುಂಗಿ, "ಯಾರಾದ್ರೂ ಮಾಡು ಅಂದ್ರಾ?" ಎಂದರು. ಅವಳು ರೋವೆಲ್ ಕಡೆ ನೋಡಿದಳು. "ಸಂಜೆಗೆ ಮುಚ್ಚು ಅಂದ್ರು. ಕಡ್ಡಿ ಹಾಕು ಅಂತ ಬಾಯಿಬಿಟ್ಟು ಹೇಳ್ಲಿಲ್ಲ."

"ಬೇರೆ ಯಾರಾದ್ರೂ ಹಿಂಗೆ ಮಾಡಿದ್ದಾರಾ?"

"ಅದು ಅವರವರನ್ನೇ ಕೇಳ್ಬೇಕು ಸರ್."

ರೋವೆಲ್ ಮುಂದೆ ಬಂದ. "ಇವಳೊಬ್ಳೇ ಸಾಹೇಬ್ರೇ. ಮೊದ್ಲಿಂದಾನೂ ಇವಳ ಕೈ ಅಷ್ಟಕ್ಕಷ್ಟೇ. ಬೇಕಾದ್ರೆ ಇನೆಜ್‌ನ ಕೇಳಿ, ಪಕ್ಕದಲ್ಲೇ ಕೆಲ್ಸ ಮಾಡೋಳು."

ಎಲ್ಲರೂ ನನ್ನ ಕಡೆ ತಿರುಗಿದರು. ಮೊಜೆಲ್ ಕೂಡ. ಅವಳ ಕಣ್ಣಲ್ಲಿ ದೂರು ಇರಲಿಲ್ಲ. ಬಂದೆಯಾ, ಸದ್ಯ, ಎನ್ನುವ ಹಾಗೆ ನೋಡಿದಳು.

"ನೀನು ಹಾಕಿದ್ದೀಯೇನಮ್ಮಾ? ಬೇರೆಯೋರು ಹಾಕಿದ್ದು ನೋಡಿದ್ದೀಯಾ?"

"ಇಲ್ಲ ಸರ್" ಎಂದೆ. ಅದಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನಮ್ಮಲ್ಲಿ ಯಾರೂ ಹಂಗೆ ಮಾಡಲ್ಲ ಸರ್" ಎಂದೂ ಸೇರಿಸಿದೆ.

ಮೊಜೆಲ್ ನನ್ನನ್ನು ಇನ್ನೂ ಒಂದು ಗಳಿಗೆ ನೋಡಿ, ನೆಲ ನೋಡಿದಳು. ನಾನು ಹೆದರಿದೆ ಎಂದುಕೊಂಡಳೇ ಹೊರತು ನಾನೂ ಕಳ್ಳಿ ಎಂಬುದು ಅವಳ ತಲೆಗೆ ಹೊಳೆಯಲಿಲ್ಲ. ಯಾರೋ ಹೂವಿನ ಗೊಂಚಲನ್ನು ಅವಳ ಕೈಯಿಂದ ತೆಗೆದುಕೊಂಡರು.

ದಡಕ್ಕೆ ಕಟ್ಟಿದ ಹಡಗಿನೊಳಗೆ ಹೋಗಿ ಅವಳ ಬೆಸುಗೆಯನ್ನು ಕೆತ್ತಿ ತೆಗೆದರು. ಆರು ಕಡ್ಡಿ ಸಿಕ್ಕವು. ಮತ್ತೆ ನಾನೇ ಹಾಕುತ್ತೇನೆ ಎಂದು ಬೇಡಿಕೊಂಡಳು, ಬಿಡಲಿಲ್ಲ. ಅನುಮಾನಕ್ಕೆ ಇನ್ನೂ ಏಳೆಂಟು ಕಡೆ ಕೆತ್ತಿ ನೋಡಿದರು. ನನ್ನ ನಾಲ್ಕರಲ್ಲಿ ಒಂದನ್ನೂ ಮುಟ್ಟಲಿಲ್ಲ, ಏಕೆಂದರೆ ನನ್ನ ಸಂಖ್ಯೆಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಅವಳನ್ನು ಕೆಲಸದಿಂದ ತೆಗೆದರು. ಗೇಟಿನಲ್ಲಿ ಜನ ಅವಳನ್ನು ಹಿಟ್ಲರನ ತಂಗಿ ಎಂದು ಕೂಗಿದರು. ಅಂಗಡಿಯವನು ಸಾಮಾನು ಕೊಡಲಿಲ್ಲ. ಬಂದ ಬಸ್ಸಿನಲ್ಲೇ ಕಾಡಿಗೆ ಹಿಂತಿರುಗಿದಳು. ನನ್ನ ನೀಲಿ ಜೋಡನ್ನು ಉಜ್ಜಿ ಹೊಳಪು ಮಾಡಿ, ಒಳಗೆ ಕಾಗದ ತುಂಬಿ, ಬಸ್ಸಿನವನ ಕೈಲಿ ಕಳಿಸಿದ್ದಳು. ಮುಂದಿನ ತಿಂಗಳು ತಂಡದಲ್ಲಿ ಮೊದಲನೇ ಜಾಗ ನನ್ನದಾಯಿತು.

ಆ ಹಡಗು ಮುಳುಗಲಿಲ್ಲ. ಯುದ್ಧ ಮುಗಿಯುವ ತನಕ ಪ್ರತಿ ಬೆಳಗ್ಗೆ ಪತ್ರಿಕೆಯಲ್ಲಿ ಅದರ ಹೆಸರು ಹುಡುಕುತ್ತಿದ್ದೆ. ಸಿಗದಿದ್ದರೆ ಮಾತ್ರ ತಿಂಡಿಗೆ ಕೂರುತ್ತಿದ್ದೆ. ಹಾಗೆ ಒಡೆದ ಹಡಗುಗಳಲ್ಲಿ ಉಕ್ಕಿನದೇ ದೋಷ ಹೆಚ್ಚು ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಓದಿ ಹಗುರಾಗಲು ನೋಡಿದೆ, ಆಗಲಿಲ್ಲ. ನಲವತ್ತು ಜನ ನಾವಿಕರು ನನ್ನ ಪೊಳ್ಳಿನ ಪಕ್ಕ ಮಲಗಿ ಬಂದದ್ದಂತೂ ನಿಜ.

ಅರವತ್ತೊಂದನೇ ಇಸವಿಯಲ್ಲಿ ಒಮ್ಮೆ ಗಟ್ಟಿ ಮನಸ್ಸು ಮಾಡಿ, ಎಲ್ಲ ಹೇಳಿಬಿಡುತ್ತೇನೆಂದು ಅವಳ ಊರಿಗೆ ಹೋದೆ. ಮೊಜೆಲ್ ಜಗಲಿಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಹಾರ್ಲಿ ಬದುಕಿ ಬಂದಿದ್ದ, ಹಿತ್ತಲಲ್ಲಿ ಏನೋ ರಿಪೇರಿ ಮಾಡುತ್ತಿದ್ದ. ನನ್ನನ್ನು ಕಂಡು ಮೊರ ಬಿಸಾಡಿ ತಬ್ಬಿಕೊಂಡಳು. ನಾನು ಬಾಯಿ ತೆರೆಯುವ ಮೊದಲೇ ಮಗಳನ್ನು ಕೂಗಿ ಕರೆದಳು.

"ಬಾರೇ ಇಲ್ಲಿ, ನಾನು ಹೇಳ್ತಿರ್ತೀನಲ್ಲ ಇನೆಜ್ ಆಂಟಿ, ಇವಳೇ. ಇಡೀ ಯಾರ್ಡಲ್ಲಿ ಒಂದು ಕಡ್ಡಿ ಕೂಡ ತುರುಕದೇ ಇದ್ದೋಳು ಇವಳೊಬ್ಳೇ."

"ಅವತ್ತು ನಿನ್ನ ಜೊತೆ ನಿಲ್ಲಲಿಲ್ಲ ನಾನು" ಎಂದೆ. ಅಷ್ಟು ಹೊರಡಿಸುವುದಕ್ಕೇ ಬೆವರಿದೆ.

"ನಿನ್ನನ್ನ ಯಾಕೆ ಎಳೀಲಿ ಅದಕ್ಕೆ? ತಪ್ಪು ಮಾಡಿದೋಳು ನಾನು. ಕೂತ್ಕೋ, ಊಟ ಮಾಡ್ಕೊಂಡು ಹೋಗು."

ಕೂತೆ. ಉಂಡೆ. ಎರಡನೇ ಸಲ ಬಡಿಸಿಕೊಂಡೆ. ಆ ಹುಡುಗಿ ನನ್ನನ್ನು ಕಣ್ಣರಳಿಸಿ ನೋಡುತ್ತಿದ್ದಳು. ಸಂಜೆಯ ಬಸ್ಸಿಗೆ ಏನೂ ಹೇಳದೆ ಮನೆಗೆ ಬಂದೆ.

ಮೊಜೆಲ್ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಹಡಗನ್ನು ಅದಕ್ಕೂ ಎಷ್ಟೋ ಮೊದಲೇ ಗುಜರಿಗೆ ಒಡೆದುಹಾಕಿದ್ದಾರೆ. ಕೆತ್ತಿ ನೋಡಲು ಈಗ ಏನೂ ಉಳಿದಿಲ್ಲ, ನಂಬಬೇಕಾದವಳೂ ಇಲ್ಲ. ಇದನ್ನು ಅವಳ ಮಗಳಿಗೆ ಕಳಿಸುತ್ತೇನೆ, ಒಂದು ಪ್ರತಿಯನ್ನು ಚರ್ಚಿನ ಬಾಗಿಲಿಗೂ ಅಂಟಿಸುತ್ತೇನೆ. ಹೇಗೆ ಹೇಳಬೇಕೆಂದು ಅವಳೇ ತೋರಿಸಿಕೊಟ್ಟಿದ್ದಾಳೆ, ಹಾಗೆಯೇ ಹೇಳುತ್ತೇನೆ.

ನನ್ನ ಸಂಖ್ಯೆ ಐನೂರ ಎಂಬತ್ತೊಂಬತ್ತು. ಮೂತಿಯಲ್ಲಿ, ಅಟ್ಟದಿಂದ ಕೈಗೆಟುಕುವ ಸಾಲು, ಐದು ಕಡ್ಡಿ. ಒಂದನೇ ಹೋಲ್ಡಿನ ಬಲಮಗ್ಗುಲಿನ ಎರಡನೇ ಸಾಲು, ನಾಲ್ಕು. ಮೂರನೇ ಹೋಲ್ಡಿನ ತಳ, ಏಳು. ನಾಲ್ಕನೆಯದು ಮೊಜೆಲ್‌ಳ ಸಂದಿಯ ಪಕ್ಕದ್ದೇ, ಅವಳ ಬೆಸುಗೆಗೆ ಅಂಟಿಕೊಂಡಂತೆ ಇದ್ದದ್ದು, ಆರು. ಹಾಕಿದ್ದು ನಾನೇ.